ಜಮೀನನ್ನು ಕಂಪನಿ ಹೆಸರಿನಲ್ಲಿ ಕೊಂಡರೆ ನಮ್ಮ ಹೆಸರು ಗುಪ್ತವಾಗಿ ಉಳಿಯುವುದೇ? ಶ್ರಾವಕರು ತಿಳಿದಿರಬೇಕಾದ ವಿಷಯಗಳು

ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಂತಹ ಊರಿನಲ್ಲಿ ಯಾರು ಎಷ್ಟು ಎಕರೆ ಹೊಲ ಕೊಂಡರು, ಯಾವ ದರಕ್ಕೆ ಕೊಂಡರು ಎಂಬ ಸುದ್ದಿ ನೋಂದಣಿಯಾದ ದಿನ ಸಂಜೆಯೊಳಗೆ ಚಹಾದ ಅಂಗಡಿ ತಲುಪಿರುತ್ತದೆ. ಬೀದರ್ ಜಿಲ್ಲೆಯಲ್ಲಿ ನಮ್ಮ ಸಮಾಜದ ಮನೆಗಳು ಕಡಿಮೆ. ಇರುವವರಲ್ಲಿ ಹೆಚ್ಚಿನವರು ವ್ಯಾಪಾರಸ್ಥರು. ಹೀಗಾಗಿ ಒಂದು ಪ್ಲಾಟ್ ಕೊಂಡರೂ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ಮರುದಿನದಿಂದಲೇ ಏಜೆಂಟರ ಫೋನ್, ಸಾಲ ಕೇಳುವವರ ಸಾಲು, ಚಂದಾ ಎತ್ತುವವರ ಒತ್ತಾಯ, ಮಕ್ಕಳ ಸಂಬಂಧದ ಮಾತಿನಲ್ಲಿ ಆಸ್ತಿಯ ಲೆಕ್ಕ ಶುರುವಾಗುತ್ತವೆ. ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದು, ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರು ಅಥವಾ ಹೊರದೇಶದಲ್ಲಿದ್ದರೆ ಇದು ಭಯದ ವಿಷಯವೂ ಆಗುತ್ತದೆ.

ಇಂತಹ ಹಿನ್ನೆಲೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಮೆರಿಕದಲ್ಲಿರುವ ಮಗನೋ ಅಳಿಯನೋ "ಇಲ್ಲಿ ಎಲ್ಲರೂ ಎಲ್‌ಎಲ್‌ಸಿ ಮಾಡಿ ಅದರ ಹೆಸರಿನಲ್ಲಿ ಮನೆ ಕೊಳ್ಳುತ್ತಾರೆ, ಯಾರ ಮನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ನೀವೂ ಹಾಗೆ ಮಾಡಿ" ಎನ್ನುತ್ತಾನೆ. ನಮ್ಮಲ್ಲಿ ಅದು ಸಾಧ್ಯವೇ? ಸಾಧ್ಯವಿದ್ದರೆ ಮಾಡಬೇಕೇ? ನಮ್ಮ ಅಣುವ್ರತಗಳು ಇದಕ್ಕೆ ಏನು ಹೇಳುತ್ತವೆ? ಈ ಮೂರನ್ನೂ ಇಲ್ಲಿ ವಿವರಿಸಲಾಗಿದೆ.

ಉತ್ತರವನ್ನು ಮೊದಲೇ ಹೇಳುವುದಾದರೆ, ಭಾರತದಲ್ಲಿ ಕಂಪನಿ ಅಥವಾ ಎಲ್‌ಎಲ್‌ಪಿ ಹೆಸರಿನಲ್ಲಿ ಆಸ್ತಿ ಕೊಂಡರೆ ವ್ಯವಹಾರದ ಹೊಣೆ ಬೇರೆಯಾಗುತ್ತದೆ, ಹೆಸರು ಮರೆಯಾಗುವುದಿಲ್ಲ. ಹೆಸರು ಮರೆಮಾಡಲೆಂದೇ ಬೇರೊಬ್ಬರನ್ನು ಮುಂದೆ ನಿಲ್ಲಿಸಿದರೆ ಅದು ಬೇನಾಮಿ ಆಗುತ್ತದೆ. ಆಗ ಆಸ್ತಿಯೂ ಹೋಗಬಹುದು, ಜೈಲೂ ಆಗಬಹುದು.

ಎಲ್‌ಎಲ್‌ಸಿ ಎಂದರೆ ಏನು?

ಎಲ್‌ಎಲ್‌ಸಿ ಎಂದರೆ ಸೀಮಿತ ಹೊಣೆಗಾರಿಕೆಯ ಕಂಪನಿ. ಅಮೆರಿಕದ ವಯೋಮಿಂಗ್ ರಾಜ್ಯ 1977ರಲ್ಲಿ ಇದಕ್ಕೆ ಮೊದಲು ಕಾನೂನು ಮಾಡಿತು. ಅಲ್ಲಿ ಕಂಪನಿ ನೋಂದಣಿ ಆಯಾ ರಾಜ್ಯದ ಕೆಲಸ. ವಯೋಮಿಂಗ್, ಡೆಲಾವೇರ್, ನ್ಯೂ ಮೆಕ್ಸಿಕೊದಂತಹ ರಾಜ್ಯಗಳಲ್ಲಿ ಎಲ್‌ಎಲ್‌ಸಿಯ ಸದಸ್ಯರು ಯಾರೆಂದು ಸಾರ್ವಜನಿಕ ಕಡತದಲ್ಲಿ ಬರೆಯಬೇಕಾಗಿಲ್ಲ. ಆದ್ದರಿಂದ ಮನೆಯ ದಾಖಲೆಯಲ್ಲಿ ಎಲ್‌ಎಲ್‌ಸಿಯ ಹೆಸರು ಮಾತ್ರ ಕಾಣುತ್ತದೆ, ಅದರ ಹಿಂದೆ ಇರುವವರ ಹೆಸರು ನೆರೆಮನೆಯವರಿಗೆ ಸಿಗುವುದಿಲ್ಲ. ಬಾಡಿಗೆದಾರ ಬಿದ್ದು ಗಾಯಗೊಂಡು ದಾವೆ ಹೂಡಿದರೆ ಸಾಮಾನ್ಯವಾಗಿ ಆ ಎಲ್‌ಎಲ್‌ಸಿಯ ಆಸ್ತಿಯವರೆಗೆ ಮಾತ್ರ ಹೊಣೆ ಬರುತ್ತದೆ.

ಅಲ್ಲಿಯೂ ಈ ಗುಟ್ಟಿನ ಬಗ್ಗೆ ದೀರ್ಘ ಚರ್ಚೆ ನಡೆದಿದೆ. ಕಂಪನಿಗಳ ನಿಜವಾದ ಒಡೆಯರ ವಿವರವನ್ನು ಸರ್ಕಾರಕ್ಕೆ ಕೊಡಬೇಕೆಂಬ ಕಾಯ್ದೆ 2021ರ ಜನವರಿಯಲ್ಲಿ ಬಂದು, 2024ರ ಜನವರಿಯಿಂದ ಜಾರಿಯಾಯಿತು. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲೇ ನೋಂದಣಿಯಾದ ಕಂಪನಿಗಳಿಗೆ ಅದರಿಂದ ವಿನಾಯಿತಿ ನೀಡಲಾಯಿತು. ಬ್ರಿಟನ್ ಇದಕ್ಕೆ ವಿರುದ್ಧ ದಾರಿ ಹಿಡಿದು, ಅಲ್ಲಿ ಆಸ್ತಿ ಹೊಂದಿರುವ ವಿದೇಶಿ ಕಂಪನಿಗಳ ಒಡೆಯರ ವಿವರ ದಾಖಲಿಸುವ ರಿಜಿಸ್ಟರನ್ನು 2022ರಲ್ಲಿ ಆರಂಭಿಸಿತು. 2016ರ ಪನಾಮಾ ಪೇಪರ್ಸ್ ಪ್ರಕರಣದ ನಂತರ ಇಂತಹ ಮುಚ್ಚಿದ ಕಂಪನಿಗಳನ್ನು ಸರ್ಕಾರಗಳು ಅನುಮಾನದಿಂದಲೇ ನೋಡುತ್ತವೆ.

ಭಾರತದಲ್ಲಿ ಇದಕ್ಕೆ ಸಮನಾದುದು ಯಾವುದು?

ನಮ್ಮಲ್ಲಿ ಎಲ್‌ಎಲ್‌ಸಿ ಎಂಬ ಸಂಸ್ಥೆ ಇಲ್ಲ. ಹತ್ತಿರದವು ಎರಡು. ಒಂದು, 2013ರ ಕಂಪನಿ ಕಾಯ್ದೆಯ ಪ್ರೈವೇಟ್ ಲಿಮಿಟೆಡ್ ಕಂಪನಿ. ಇನ್ನೊಂದು, 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ. ಕುಟುಂಬದವರು ಸೇರಿ ಗೋದಾಮು, ಅಂಗಡಿ ಸಾಲು, ಪ್ಲಾಟ್ ಕೊಳ್ಳಲು ಸಾಮಾನ್ಯವಾಗಿ ಕೇಳುವುದು ಎಲ್‌ಎಲ್‌ಪಿಯನ್ನೇ.

ಎಲ್‌ಎಲ್‌ಪಿಗೆ ಕನಿಷ್ಠ ಇಬ್ಬರು ಪಾಲುದಾರರು ಬೇಕು. ಇಬ್ಬರು ನಿಯೋಜಿತ ಪಾಲುದಾರರಿರಬೇಕು, ಅವರಲ್ಲಿ ಒಬ್ಬರಾದರೂ ಭಾರತದ ನಿವಾಸಿ ಆಗಿರಬೇಕು. ಕಾನೂನಿನ ದೃಷ್ಟಿಯಲ್ಲಿ ಅದು ಪಾಲುದಾರರಿಂದ ಬೇರೆಯಾದ ವ್ಯಕ್ತಿ. ತನ್ನ ಹೆಸರಿನಲ್ಲೇ ಆಸ್ತಿ ಕೊಳ್ಳಬಹುದು, ಮಾರಬಹುದು, ದಾವೆ ಹೂಡಬಹುದು. ಸಾಲವಾದರೆ ಪಾಲುದಾರರ ಮನೆ, ಒಡವೆಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಬ್ಯಾಂಕಿನವರು ಸಾಲ ಕೊಡುವಾಗ ಪಾಲುದಾರರ ವೈಯಕ್ತಿಕ ಜಾಮೀನು ಕೇಳುವುದು ವಾಡಿಕೆ. ಜಾಮೀನು ಬರೆದುಕೊಟ್ಟ ಮೇಲೆ ಆ ರಕ್ಷಣೆ ಅಷ್ಟರಮಟ್ಟಿಗೆ ಹೋದಂತೆ. ಮೋಸದ ಉದ್ದೇಶದಿಂದ ಎಲ್‌ಎಲ್‌ಪಿ ನಡೆಸಿದ್ದರೆ ಹೊಣೆಗೆ ಮಿತಿಯೇ ಇಲ್ಲ ಎಂದು ಕಾಯ್ದೆಯ 30ನೇ ಕಲಂ ಹೇಳುತ್ತದೆ.

ಹೆಸರು ಎಲ್ಲೆಲ್ಲಿ ಕಾಣುತ್ತದೆ?

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮಂಠಾಳದ ಅಣ್ಣ ತಮ್ಮ. ಅಣ್ಣ ಊರಲ್ಲೇ ತೊಗರಿ, ಸೋಯಾಬೀನ್ ವ್ಯಾಪಾರ ಮಾಡುತ್ತಾನೆ, ತಮ್ಮ ಪುಣೆಯಲ್ಲಿದ್ದಾನೆ. ಇಬ್ಬರೂ ಸೇರಿ ಎಲ್‌ಎಲ್‌ಪಿ ಮಾಡಿ ಹುಮನಾಬಾದ್ ಬಳಿ ಹೆದ್ದಾರಿ ಪಕ್ಕದಲ್ಲಿ ಎನ್‌ಎ ಆದ ಜಾಗ ಕೊಂಡು ಗೋದಾಮು ಕಟ್ಟುತ್ತಾರೆ. ಈಗ ಅವರ ಹೆಸರು ಯಾವ ಯಾವ ಕಿಟಕಿಯಿಂದ ಕಾಣುತ್ತದೆ ನೋಡೋಣ.

ಮೊದಲ ಕಿಟಕಿ ಉಪನೋಂದಣಿ ಕಚೇರಿ. ಖರೀದಿ ಪತ್ರದಲ್ಲಿ ಕೊಳ್ಳುವವರ ಜಾಗದಲ್ಲಿ ಎಲ್‌ಎಲ್‌ಪಿಯ ಹೆಸರು ಬರುತ್ತದೆ. ಆದರೆ ಅದರ ಪರವಾಗಿ ಸಹಿ ಹಾಕುವ ಮನುಷ್ಯನ ಹೆಸರು, ಫೋಟೊ, ಬೆರಳಚ್ಚು ಅದೇ ಪತ್ರದಲ್ಲಿ ಇರುತ್ತವೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳನ್ನು ನಕಲಿಸುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಇದು ಬ್ರಿಟಿಷರ ಕಾಲದಿಂದಲೂ ಇರುವ ನಿಯಮ. ಒಂದೇ ಜಮೀನನ್ನು ಇಬ್ಬರಿಗೆ ಮಾರಿ ಮೋಸ ಮಾಡದಿರಲಿ ಎಂಬುದೇ ಇದರ ಉದ್ದೇಶ. ಇಂದು ಋಣಭಾರ ಪತ್ರ, ಅಂದರೆ ಇಸಿ, ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಸಿಗುತ್ತದೆ.

ಎರಡನೆಯ ಕಿಟಕಿ ಭೂಮಿ ತಂತ್ರಾಂಶ. ಹೊಲವಾಗಿದ್ದರೆ ಪಹಣಿಯ 9ನೇ ಕಲಂನಲ್ಲಿ ಒಡೆಯರ ಹೆಸರು ಇರುತ್ತದೆ. ಸರ್ವೆ ನಂಬರ್ ಗೊತ್ತಿದ್ದವರು ಯಾರಾದರೂ ಮೊಬೈಲಿನಲ್ಲೇ ಪಹಣಿ ನೋಡಬಹುದು. ಇಲ್ಲಿ ಎಲ್‌ಎಲ್‌ಪಿಯ ಹೆಸರು ಬರುತ್ತದೆ, ಪಾಲುದಾರರದು ಬರುವುದಿಲ್ಲ. ಅಷ್ಟರಮಟ್ಟಿಗೆ ಒಂದು ತೆರೆ ಇದೆ ಎನ್ನಬಹುದು.

ಮೂರನೆಯ ಕಿಟಕಿ ಆ ತೆರೆಯನ್ನು ಸರಿಸಿಬಿಡುತ್ತದೆ. ಅದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ. ಎಲ್‌ಎಲ್‌ಪಿ ಕಾಯ್ದೆಯ 36ನೇ ಕಲಂ ಪ್ರಕಾರ ಸ್ಥಾಪನೆಯ ದಾಖಲೆ, ಪಾಲುದಾರರ ಹೆಸರುಗಳು, ಅವುಗಳಲ್ಲಾದ ಬದಲಾವಣೆ, ವಾರ್ಷಿಕ ಲೆಕ್ಕ ಮತ್ತು ವಾರ್ಷಿಕ ವಿವರಣೆ ಇವನ್ನು ಶುಲ್ಕ ಕಟ್ಟಿದ ಯಾವುದೇ ವ್ಯಕ್ತಿ ಪರಿಶೀಲಿಸಬಹುದು. ಪ್ರೈವೇಟ್ ಲಿಮಿಟೆಡ್ ಆದರೂ ಇದೇ ಮಾತು, ಕಂಪನಿ ಕಾಯ್ದೆಯ 399ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಅಂದರೆ ಪಹಣಿಯಲ್ಲಿ ನಿಮ್ಮ ಹೆಸರು ಮಾತ್ರ ಕಾಣುತ್ತಿದ್ದ ಜಾಗದಲ್ಲಿ, ಈಗ ನಿಮ್ಮ ಸಂಸ್ಥೆಯ ಆಸ್ತಿ, ಸಾಲ, ಬಂಡವಾಳದ ಲೆಕ್ಕವೂ ಸೇರಿ ಸಿಗುತ್ತದೆ. ಗೋಪ್ಯತೆಗೆಂದು ಹೋದವರು ಮೊದಲಿಗಿಂತ ಹೆಚ್ಚು ಬಯಲಾದಂತಾಯಿತು.

ಇದರ ಮೇಲೆ "ಗಣನೀಯ ಹಿತಾಸಕ್ತಿಯ ಒಡೆಯ" ಎಂಬ ನಿಯಮವಿದೆ. ಕಂಪನಿಗಳಿಗೆ ಇದು 2018ರಲ್ಲಿ, ಎಲ್‌ಎಲ್‌ಪಿಗಳಿಗೆ 2023ರ ನವೆಂಬರ್‌ನಲ್ಲಿ ಬಂತು. ಒಂದರ ಹಿಂದೆ ಒಂದು ಸಂಸ್ಥೆ ಇಟ್ಟು ಒಬ್ಬ ವ್ಯಕ್ತಿ ಪರೋಕ್ಷವಾಗಿ ಶೇ 10 ಅಥವಾ ಹೆಚ್ಚಿನ ಹಿತಾಸಕ್ತಿ ಹೊಂದಿದ್ದರೆ, ಆ ಮನುಷ್ಯನ ಹೆಸರನ್ನು ಘೋಷಿಸಲೇಬೇಕು. ಕಂಪನಿಯ ಮೇಲೆ ಕಂಪನಿ ಕಟ್ಟಿದರೆ ಮರೆಯಾಗಬಹುದು ಎಂಬ ಲೆಕ್ಕಾಚಾರಕ್ಕೆ ಇದು ಉತ್ತರ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನಮ್ಮನ್ನು ಕಾಪಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಾನೂನಿನ ಕಟ್ಟಳೆಯಂತೆ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ಬೇನಾಮಿ ಎಂಬ ಬಲೆ

"ಹಾಗಾದರೆ ಎಲ್‌ಎಲ್‌ಪಿಯಲ್ಲಿ ನಮ್ಮ ಹೆಸರಿನ ಬದಲು ಗುಮಾಸ್ತನ ಹೆಸರು, ಹೊಲದಲ್ಲಿ ದುಡಿಯುವವನ ಹೆಸರು ಹಾಕಿದರಾಯಿತು" ಎನ್ನುವ ಸಲಹೆ ಕೊಡುವವರೂ ಇದ್ದಾರೆ. ಇದು ಅತ್ಯಂತ ಅಪಾಯದ ಮಾತು. ಹಣ ಒಬ್ಬರದು, ಹೆಸರು ಇನ್ನೊಬ್ಬರದು, ಲಾಭ ಹಣ ಕೊಟ್ಟವರಿಗೆ ಎಂದಾದರೆ ಅದು ಬೇನಾಮಿ ವ್ಯವಹಾರ. ಇದನ್ನು ನಿಷೇಧಿಸುವ ಕಾಯ್ದೆ 1988ರಲ್ಲೇ ಬಂದಿತ್ತು. 2016ರ ನವೆಂಬರ್ 1ರಿಂದ ಅದು ಬಹಳ ಕಠಿಣವಾಗಿದೆ. ಆಸ್ತಿಯನ್ನು ಪರಿಹಾರವಿಲ್ಲದೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ತಪ್ಪಿತಸ್ಥರಿಗೆ 1 ವರ್ಷದಿಂದ 7 ವರ್ಷದವರೆಗೆ ಕಠಿಣ ಸಜೆ, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ ಇದೆ. ಹಣ ಕೊಟ್ಟವರಿಗಷ್ಟೇ ಅಲ್ಲ, ಹೆಸರು ಕೊಟ್ಟ ಬಡವನಿಗೂ ಶಿಕ್ಷೆ ಆಗುತ್ತದೆ. ನಮ್ಮ ಗುಟ್ಟಿಗಾಗಿ ಏನೂ ಅರಿಯದ ಒಬ್ಬನನ್ನು ಜೈಲಿನ ಬಾಗಿಲಿಗೆ ಒಯ್ಯುವುದು ಅಹಿಂಸೆಯ ಮಾತಾಡುವ ನಮಗೆ ತಕ್ಕುದಲ್ಲ.

ಇನ್ನೊಂದು ಸಂಗತಿ. ಹೆಸರು ಕೊಟ್ಟವನು ತೀರಿಕೊಂಡರೆ ಅವನ ಮಕ್ಕಳು "ಇದು ನಮ್ಮ ಅಪ್ಪನ ಆಸ್ತಿ" ಎಂದು ನಿಂತರೆ ನೀವು ಕೋರ್ಟಿಗೆ ಹೋಗಲೂ ಆಗದು. ಬೇನಾಮಿ ಆಸ್ತಿಯ ಮೇಲೆ ನಿಜವಾದ ಒಡೆಯ ದಾವೆ ಹೂಡಲು ಕಾಯ್ದೆ ಅವಕಾಶ ಕೊಡುವುದಿಲ್ಲ.

ಯಾವುದು ಬೇನಾಮಿ ಅಲ್ಲ ಎಂಬುದನ್ನೂ ಕಾಯ್ದೆ ಹೇಳಿದೆ. ಗೊತ್ತಿರುವ ಆದಾಯದಿಂದ ಹೆಂಡತಿ, ಗಂಡ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡರೆ ಬೇನಾಮಿ ಅಲ್ಲ. ಅವಿಭಕ್ತ ಕುಟುಂಬದ ಕರ್ತಾ ಕುಟುಂಬಕ್ಕಾಗಿ ಇಟ್ಟುಕೊಂಡರೆ ಅಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು, ತಂದೆತಾಯಿ ಇವರ ಜೊತೆ ತಮ್ಮ ಹೆಸರನ್ನೂ ಸೇರಿಸಿ ಜಂಟಿಯಾಗಿ ಕೊಂಡರೆ ಅಲ್ಲ. ಆದರೆ ಅಣ್ಣನ ಹಣದಿಂದ ತಮ್ಮನೊಬ್ಬನ ಹೆಸರಿನಲ್ಲೇ ಕೊಂಡಾಗ ಪ್ರಶ್ನೆ ಏಳುತ್ತದೆ. ಊರಲ್ಲಿ ಇಂತಹ ವ್ಯವಹಾರಗಳು ನಂಬಿಕೆಯ ಮೇಲೆ ನಡೆದುಬಿಡುತ್ತವೆ. ಈ ವ್ಯತ್ಯಾಸವನ್ನು ಮನೆಯ ಹಿರಿಯರು ಗಮನದಲ್ಲಿಡಬೇಕು.

ಹೊಲ ಕೊಳ್ಳುವವರು ಗಮನಿಸಬೇಕಾದುದು

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹಿಂದೆ ರೈತರಲ್ಲದವರು ಹಾಗೂ ಕಂಪನಿಗಳು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಲಾಗಿದೆ. ಹಾಗೆಂದು ಎಲ್ಲವೂ ಮುಕ್ತವಾಗಿಲ್ಲ. ಜಮೀನಿನ ಗರಿಷ್ಠ ಮಿತಿ ಇದ್ದೇ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆ ರಕ್ಷಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಖರೀದಿ ಉಳಿಯುವುದಿಲ್ಲ. ಯಾರ ಹೆಸರಿನಲ್ಲಿ ಕೊಂಡರೂ ಇದು ಬದಲಾಗದು.

ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆಯ ಖಾಸ್ರಾ ಪಹಣಿ, ಇನಾಮು ಜಮೀನಿನ ಕಾಗದಗಳು ಉರ್ದುವಿನಲ್ಲಿ ಇರುತ್ತವೆ. ಅವನ್ನು ಓದಬಲ್ಲವರಿಂದ ಓದಿಸಿ, ಮೂಲ ಯಾರದಿತ್ತು ಎಂದು ತಿಳಿದ ಮೇಲೆ ಇಸಾರ ಕೊಡಬೇಕು. ಗಡಿ ದಾಟಿ ಉಮರ್ಗಾ ಕಡೆ ಹೊಲ ನೋಡುವವರಿಗೆ ಬೇರೆಯೇ ಕಾಯ್ದೆ. ಮಹಾರಾಷ್ಟ್ರದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಈಗಲೂ ನಿರ್ಬಂಧವಿದೆ.

ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಅನಿವಾಸಿ ಭಾರತೀಯರು ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ತಂದೆತಾಯಿಯಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಮಾಡಿದ ಎಲ್‌ಎಲ್‌ಸಿಯ ಹೆಸರಿನಲ್ಲಿ ಹೂಡಿಕೆಗೆಂದು ಬಸವಕಲ್ಯಾಣದಲ್ಲಿ ಪ್ಲಾಟ್ ಕೊಳ್ಳಲು ಬರುವುದಿಲ್ಲ. ಜಮೀನು ಕೊಂಡು ಮಾರುವ ವ್ಯವಹಾರದಲ್ಲಿ ವಿದೇಶಿ ಹೂಡಿಕೆಗೆ ನಿಷೇಧವಿದೆ. ಅದೇ ರೀತಿ, ಇಲ್ಲಿ ನಿವಾಸಿಯಾಗಿರುವ ತಂದೆ ಮಗನ ಅಮೆರಿಕದ ಎಲ್‌ಎಲ್‌ಸಿಯಲ್ಲಿ ಪಾಲು ಹೊಂದಿದ್ದರೆ ಅದನ್ನು ತನ್ನ ಆದಾಯ ತೆರಿಗೆ ವಿವರಣೆಯಲ್ಲಿ ತೋರಿಸಲೇಬೇಕು. 2015ರ ಕಪ್ಪುಹಣ ಕಾಯ್ದೆ ಇದನ್ನು ಗಂಭೀರವಾಗಿ ನೋಡುತ್ತದೆ.

ಖರ್ಚು ಎಷ್ಟು?

ಈಗಾಗಲೇ ಸ್ವಂತ ಹೆಸರಿನಲ್ಲಿರುವ ಆಸ್ತಿಯನ್ನು ಎಲ್‌ಎಲ್‌ಪಿಗೆ ಮಾರಿದರೆ ಅದು ಹೊಸ ಖರೀದಿಯೇ. ₹50 ಲಕ್ಷದ ಆಸ್ತಿಯಾದರೆ ಮುದ್ರಾಂಕ ಶುಲ್ಕ ಶೇ 5, 2025ರ ಆಗಸ್ಟ್ 31ರಿಂದ ಹೆಚ್ಚಾದ ನೋಂದಣಿ ಶುಲ್ಕ ಶೇ 2, ಎರಡೂ ಸೇರಿ ₹3.5 ಲಕ್ಷ. ಸೆಸ್ ಬೇರೆ. ಬೆಲೆ ಏರಿದ್ದರೆ ಬಂಡವಾಳ ಲಾಭದ ತೆರಿಗೆಯೂ ಬರಬಹುದು. ಕುಟುಂಬದೊಳಗೆ ದಾನಪತ್ರ ಮಾಡಿದರೆ ಸಿಗುವ ಮುದ್ರಾಂಕ ರಿಯಾಯಿತಿ ಎಲ್‌ಎಲ್‌ಪಿಗೆ ಸಿಗುವುದಿಲ್ಲ.

ನಂತರ ಪ್ರತಿವರ್ಷದ ಕೆಲಸ. ಮೇ 30ರೊಳಗೆ ವಾರ್ಷಿಕ ವಿವರಣೆ, ಅಕ್ಟೋಬರ್ 30ರೊಳಗೆ ಲೆಕ್ಕಪತ್ರ ಸಲ್ಲಿಸಬೇಕು. ವ್ಯವಹಾರ ಇಲ್ಲದಿದ್ದರೂ ಸಲ್ಲಿಸಬೇಕು, ತಡವಾದರೆ ಹೆಚ್ಚುವರಿ ಶುಲ್ಕ. ವಹಿವಾಟು ₹40 ಲಕ್ಷ ಅಥವಾ ಬಂಡವಾಳ ₹25 ಲಕ್ಷ ಮೀರಿದರೆ ಲೆಕ್ಕ ಪರಿಶೋಧನೆ ಕಡ್ಡಾಯ. ಎಲ್‌ಎಲ್‌ಪಿಯ ಲಾಭಕ್ಕೆ ಶೇ 30ರ ತೆರಿಗೆ ಮೊದಲ ರೂಪಾಯಿಯಿಂದಲೇ ಶುರು, ವ್ಯಕ್ತಿಗಳಿಗಿರುವ ಹಂತಗಳ ರಿಯಾಯಿತಿ ಇಲ್ಲ. ಒಂದು ಮನೆ ಮಾರಿ ಇನ್ನೊಂದು ಕೊಂಡರೆ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಕ್ಕೂ ಸಿಗುವ ಬಂಡವಾಳ ಲಾಭದ ವಿನಾಯಿತಿ ಎಲ್‌ಎಲ್‌ಪಿಗೆ ಇಲ್ಲ. ವಾಸದ ಮನೆಯನ್ನು, ಅಪ್ಪನ ಕಾಲದ ಹೊಲವನ್ನು ಎಲ್‌ಎಲ್‌ಪಿಗೆ ಹಾಕುವುದರಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಾಗಾದರೆ ಎಲ್‌ಎಲ್‌ಪಿ ಯಾರಿಗೆ ಸರಿ? ಮೂರು ನಾಲ್ಕು ಮನೆಗಳವರು ಸೇರಿ ಗೋದಾಮು, ಶೀತಲಗೃಹ, ಅಂಗಡಿ ಸಂಕೀರ್ಣದಂತಹ ನಿಜವಾದ ವ್ಯವಹಾರ ಮಾಡುವಾಗ ಇದು ಒಳ್ಳೆಯ ವ್ಯವಸ್ಥೆ. ಯಾರ ಬಂಡವಾಳ ಎಷ್ಟು, ಲಾಭ ಹೇಗೆ ಹಂಚಬೇಕು, ಒಬ್ಬರು ಹೊರಬಂದರೆ ಏನು ಎಂಬುದು ಬರವಣಿಗೆಯಲ್ಲಿ ಇರುತ್ತದೆ. ಸಂಬಂಧಿಕರ ನಡುವೆ ಮುಂದೆ ಮನಸ್ತಾಪ ಬಾರದಿರಲು ಇದು ನೆರವಾಗುತ್ತದೆ. ಗೋಪ್ಯತೆಯನ್ನು ಮಾತ್ರ ಅದರಿಂದ ನಿರೀಕ್ಷಿಸಬಾರದು.

ಮನೆಯವರಿಂದಲೇ ಮುಚ್ಚಿಟ್ಟರೆ

ಜೈನರಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಪಹಣಿಯಲ್ಲಿ ತಂದೆಯ ಹೆಸರಿದ್ದರೆ, ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಮಗಳ ಹೆಸರೂ ಬರಬೇಕು. ಆಸ್ತಿ ಎಲ್‌ಎಲ್‌ಪಿಯದಾದರೆ ವಾರಸುದಾರರಿಗೆ ಜಮೀನು ನೇರವಾಗಿ ಬರುವುದಿಲ್ಲ, ಪಾಲುದಾರರ ಲಾಭದ ಹಕ್ಕು ಮತ್ತು ಬಂಡವಾಳದ ಲೆಕ್ಕ ಬರುತ್ತದೆ. ಆಡಳಿತದಲ್ಲಿ ಭಾಗವಹಿಸುವ ಹಕ್ಕು ತಾನಾಗಿ ಬರುವುದಿಲ್ಲ. ವಿಧವೆ ತಾಯಿಗೂ, ಮದುವೆಯಾಗಿ ಹೋದ ಮಗಳಿಗೂ ಇದರಿಂದ ಕಷ್ಟವಾಗಬಹುದು. "ಗೋಪ್ಯತೆ" ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳ ಪಾಲನ್ನು ತಪ್ಪಿಸಲು ಎಲ್‌ಎಲ್‌ಪಿ ಮಾಡುವುದನ್ನು ಯಾವ ಶ್ರಾವಕನೂ ಒಪ್ಪಬಾರದು.

ಊರಿನವರಿಂದ ಮುಚ್ಚಿಡಲು ಹೋಗಿ ಮನೆಯವರಿಂದಲೂ ಮುಚ್ಚಿಟ್ಟವರಿದ್ದಾರೆ. ಯಜಮಾನರು ಅಕಸ್ಮಾತ್ತಾಗಿ ತೀರಿಕೊಂಡಾಗ ಯಾವ ಪ್ಲಾಟ್ ಎಲ್ಲಿದೆ, ಮೂಲ ಪತ್ರ ಯಾರ ಹತ್ತಿರ ಇದೆ, ಯಾರಿಗೆ ಇಸಾರ ಕೊಟ್ಟಿದ್ದರು ಎಂಬುದು ಹೆಂಡತಿ ಮಕ್ಕಳಿಗೆ ಗೊತ್ತಿರುವುದಿಲ್ಲ. ಆ ಆಸ್ತಿ ಗುಟ್ಟಾಗಿಯೇ ಕೈತಪ್ಪುತ್ತದೆ.

ಕಾನೂನು ಒಪ್ಪುವ ಗೋಪ್ಯತೆಯ ದಾರಿಗಳು

ಒಡೆತನವನ್ನು ಮುಚ್ಚಲಾಗದಿದ್ದರೂ ನಮ್ಮ ಸುರಕ್ಷತೆಗೆ ಬೇಕಾದ ಗೋಪ್ಯತೆಯನ್ನು ಕಾಪಾಡಿಕೊಳ್ಳಲು ದಾರಿಗಳಿವೆ. ಇವುಗಳಿಗೆ ಹೆಚ್ಚು ಖರ್ಚೂ ಇಲ್ಲ.

1. ಉಯಿಲು. ಯಾರಿಗೆ ಏನು ಎಂಬುದು ಬದುಕಿರುವಾಗ ಯಾರಿಗೂ ತಿಳಿಯಬಾರದು ಎಂದಿದ್ದರೆ ಉಯಿಲೇ ಸರಿಯಾದ ಸಾಧನ. ನೋಂದಾಯಿತ ಉಯಿಲು 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಅದು ಖರೀದಿ ಪತ್ರದಂತೆ ಎಲ್ಲರಿಗೂ ತೆರೆದಿಲ್ಲ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು ಸಿಗುತ್ತದೆ. ನೋಂದಣಿ ಕಾಯ್ದೆಯ 42ನೇ ಕಲಂ ಪ್ರಕಾರ ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಲೂ ಬಹುದು.

2. ಬಯೊಮೆಟ್ರಿಕ್ ಬೀಗ. ನೋಂದಾಯಿತ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿ ವರದಿಯಾದವು. ಆಸ್ತಿ ನೋಂದಣಿ ಮಾಡಿಸಿದ ಪ್ರತಿಯೊಬ್ಬರೂ ಆಧಾರ್ ಜಾಲತಾಣ ಅಥವಾ ಆ್ಯಪ್‌ನಲ್ಲಿ ತಮ್ಮ ಬಯೊಮೆಟ್ರಿಕ್ ಅನ್ನು ಲಾಕ್ ಮಾಡಿಸಬೇಕು. ಹೆಸರು ಮರೆಮಾಡುವುದಕ್ಕಿಂತ ಇದು ಹೆಚ್ಚು ಅಗತ್ಯ. ವಯಸ್ಸಾದ ತಂದೆತಾಯಿಗೆ ಮಕ್ಕಳೇ ಮಾಡಿಕೊಡಲಿ.

3. ಆಧಾರ್ ಜೆರಾಕ್ಸ್. ಎಲ್ಲೆಂದರಲ್ಲಿ ಪೂರ್ತಿ ಸಂಖ್ಯೆಯ ಪ್ರತಿ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಬಹುದು. ಏಜೆಂಟರ ವಾಟ್ಸ್‌ಆ್ಯಪ್‌ಗೆ ಪತ್ರಗಳ ಫೋಟೊ ಕಳಿಸುವ ರೂಢಿ ನಿಲ್ಲಲಿ.

4. ವಿಳಾಸ ಮತ್ತು ಫೋನ್. ವ್ಯವಹಾರಕ್ಕೆ ಅಂಗಡಿಯ ವಿಳಾಸ, ಬೇರೆ ಮೊಬೈಲ್ ಸಂಖ್ಯೆ ಇಟ್ಟುಕೊಳ್ಳಿ. ಎಲ್‌ಎಲ್‌ಪಿ ಮಾಡಿದ್ದರೆ ನೋಂದಾಯಿತ ಕಚೇರಿಯಾಗಿ ಮನೆಯ ವಿಳಾಸದ ಬದಲು ನಿಜವಾಗಿ ಪತ್ರ ತಲುಪುವ ಅಂಗಡಿ ಅಥವಾ ಕಚೇರಿಯ ವಿಳಾಸ ಕೊಡಬಹುದು.

5. ವರ್ಷಕ್ಕೆರಡು ಸಲ ಪರಿಶೀಲನೆ. ದಾಖಲೆ ಎಲ್ಲರಿಗೂ ತೆರೆದಿರುವುದು ನಮಗೂ ಉಪಯೋಗ. ದೀಪಾವಳಿ ಮತ್ತು ಯುಗಾದಿಗೆ ನಿಮ್ಮ ಪಹಣಿ, ಮುಟೇಶನ್, ಇಸಿ ತೆಗೆಸಿ ನೋಡಿ. ನಿಮಗೆ ತಿಳಿಯದೆ ಯಾರಾದರೂ ನಕಲಿ ಪತ್ರ ಮಾಡಿದ್ದರೆ ಬೇಗ ಗೊತ್ತಾಗುತ್ತದೆ. ಪಹಣಿಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ.

6. ಮನೆಯ ಆಸ್ತಿ ಪಟ್ಟಿ. ಸರ್ವೆ ನಂಬರ್, ಪ್ಲಾಟ್ ನಂಬರ್, ಮೂಲ ಪತ್ರ ಇರುವ ಜಾಗ, ಸಾಲ, ಇಸಾರ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ಗಂಡ ಹೆಂಡತಿ ಇಬ್ಬರಿಗೂ ತಿಳಿದ ಕಡೆ ಇಡಿ.

ಅಣುವ್ರತದ ಬೆಳಕಿನಲ್ಲಿ

ನಮ್ಮ ಆಚಾರ್ಯರು ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿದ್ದಾರೆ. ತತ್ತ್ವಾರ್ಥ ಸೂತ್ರದ 7ನೇ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ "ರಹೋಭ್ಯಾಖ್ಯಾನ" ಒಂದು, ಅಂದರೆ ಇನ್ನೊಬ್ಬರ ಗುಟ್ಟಿನ ಸಂಗತಿಯನ್ನು ಹೊರಗೆ ಹೇಳುವುದು. ಅದೇ ಪಟ್ಟಿಯಲ್ಲಿ "ಕೂಟಲೇಖಕ್ರಿಯಾ" ಕೂಡ ಇದೆ, ಅಂದರೆ ಸುಳ್ಳು ಬರವಣಿಗೆ ಮಾಡುವುದು. ಈ ಎರಡನ್ನೂ ಒಟ್ಟಿಗೆ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಒಬ್ಬರ ಮನೆಯ ವಿಷಯ ಕಾಪಾಡುವುದು ಧರ್ಮ. ಯಾರ ಜಮೀನು ಎಷ್ಟಕ್ಕೆ ಹೋಯಿತು ಎಂದು ಚಹಾದ ಅಂಗಡಿಯಲ್ಲಿ ಮಾತಾಡುವ ನಾವೂ ಈ ಅತಿಚಾರದಲ್ಲಿ ಪಾಲುದಾರರು. ಆದರೆ ಆ ಗೋಪ್ಯತೆಗಾಗಿ ಕಾಗದದಲ್ಲಿ ಸುಳ್ಳು ಹೆಸರು ಬರೆಯುವುದು ಅಧರ್ಮ.

ಅಚೌರ್ಯಾಣುವ್ರತದಲ್ಲಿ "ವಿರುದ್ಧರಾಜ್ಯಾತಿಕ್ರಮ" ಎಂಬ ಅತಿಚಾರವಿದೆ. ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ತೆರಿಗೆ ತಪ್ಪಿಸುವುದು ಇದರಲ್ಲಿ ಬರುತ್ತದೆ ಎಂದು ಇಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇನ್ನು ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿ ಶುರುವಾಗುವುದೇ ಕ್ಷೇತ್ರ ಮತ್ತು ವಾಸ್ತುವಿನಿಂದ, ಅಂದರೆ ಹೊಲ ಮತ್ತು ಮನೆಯಿಂದ. ಹತ್ತು ಎಕರೆಯ ಮಿತಿ ಹಾಕಿಕೊಂಡ ಶ್ರಾವಕ ಹನ್ನೊಂದನೆಯ ಎಕರೆಯನ್ನು ಎಲ್‌ಎಲ್‌ಪಿಯ ಹೆಸರಿನಲ್ಲಿ ಕೊಂಡು "ಇದು ನನ್ನದಲ್ಲ, ಸಂಸ್ಥೆಯದು" ಎಂದರೆ ಕಾನೂನು ಒಪ್ಪಬಹುದು. ವ್ರತ ಒಪ್ಪುವುದಿಲ್ಲ. ಮಮತೆ ಇದ್ದಲ್ಲಿ ಪರಿಗ್ರಹ ಇದ್ದೇ ಇದೆ, ಪಹಣಿಯಲ್ಲಿ ಯಾರ ಹೆಸರಿದ್ದರೂ ಸರಿ.

ಬಸದಿ ಮತ್ತು ಟ್ರಸ್ಟ್‌ಗಳ ಆಸ್ತಿ ನೋಡಿಕೊಳ್ಳುವ ಹಿರಿಯರಿಗೂ ಒಂದು ವಿನಂತಿ. ದೇವರ ಆಸ್ತಿಯನ್ನು ಅನುಕೂಲಕ್ಕೆಂದು ವ್ಯಕ್ತಿಗಳ ಅಥವಾ ಸಂಸ್ಥೆಗಳ ಹೆಸರಿಗೆ ಬದಲಿಸಬೇಡಿ. ಅಲ್ಲಿ ಗೋಪ್ಯತೆಯ ಪ್ರಶ್ನೆಯೇ ಇಲ್ಲ. ಲೆಕ್ಕ ಎಲ್ಲರಿಗೂ ಕಾಣುವಂತಿದ್ದಷ್ಟೂ ಬಸದಿಗೆ ಕ್ಷೇಮ.

ಕೊನೆಯದಾಗಿ, ಎಲ್‌ಎಲ್‌ಪಿ ಮಾಡುವ ಮೊದಲು ಒಬ್ಬ ಲೆಕ್ಕ ಪರಿಶೋಧಕರನ್ನೂ ಭೂಮಿಯ ವಿಷಯ ತಿಳಿದ ಒಬ್ಬ ವಕೀಲರನ್ನೂ ಕಾಣಿ. ಇಲ್ಲಿ ಬರೆದಿರುವುದು ಸಾಮಾನ್ಯ ತಿಳಿವಳಿಕೆಗೆ, ಪ್ರತಿಯೊಂದು ಜಮೀನಿನ ಕಾಗದದ ಕಥೆ ಬೇರೆಯೇ ಇರುತ್ತದೆ. ಅವರ ಬಳಿ ಹೋಗುವ ಮುನ್ನ ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾವು ಯಾರಿಂದ ಮುಚ್ಚಿಡಲು ಬಯಸುತ್ತಿದ್ದೇವೆ? ಕಳ್ಳರಿಂದ, ಮೋಸಗಾರರಿಂದ ಎಂದಾದರೆ ಮೇಲಿನ ಆರು ದಾರಿಗಳು ಸಾಕು. ಸರ್ಕಾರದಿಂದ, ಸಾಲಗಾರರಿಂದ, ಅಕ್ಕತಂಗಿಯರಿಂದ ಎಂದಾದರೆ ಆ ಖರೀದಿಯನ್ನೇ ಬಿಡುವುದು ಒಳ್ಳೆಯದು.

ಜೈ ಜಿನೇಂದ್ರ.